ಬೀಗದಮ್ಮನ ರಜೆ

ಮಾರ್ಚ್ ೩, ಸೋಮವಾರ

ಮಗಳಿಗೆ ಈ ತಿಂಗಳ ಕೊನೆಯ ವಾರ ಹೆರಿಗೆ ಎಂದು ಡಾಕ್ಟರು ಹೇಳಿದ್ದಾರೆ. ಹದಿನಾರರಿಂದ ರಜೆ ಬೇಕೆಂದು ಬೆಳಿಗ್ಗೆ ದೊಡ್ಡವರನ್ನು ಕೇಳಿದೆ. ದೊಡ್ಡವರೆಂದರೆ ನಮ್ಮ ಕನ್ನಡಕದ ಕಂಪನಿಯ ಮಾಲೀಕರು. ಅರ್ಜಿಯನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

"ಒಂದು ತಿಂಗಳು ಬೇಕಾದ್ರೂ ತಗೊಳ್ಳಿ, ನಂದೇನೂ ಅಡ್ಡಿ ಇಲ್ಲ. ಆದ್ರೆ ನಿಮ್ಮ ಬೀಗದ ಕೈ ಯಾರಿಗೆ ಕೊಟ್ಟು ಹೋಗ್ತೀರಿ?"

ಅಲ್ಲೇ ಇರುವುದು ತೊಡಕು. ನಮಗೆ ಹನ್ನೆರಡು ಅಂಗಡಿಗಳು, ಗಾಜು ಉಜ್ಜಿ ಕನ್ನಡಕ ಕೂರಿಸುವ ಕಾರ್ಖಾನೆ ಒಂದು. ಯಾರ ಕಣ್ಣಿಗೆ ಯಾವ ನಂಬರು, ಯಾವ ಗಾಜಿಗೆ ಎಷ್ಟು ಬೆಲೆ, ಯಾರಿಗೆ ಎಷ್ಟು ಸಂಬಳ ಎನ್ನುವುದೆಲ್ಲ ಈಗ ಕ್ಲೌಡ್‌ನಲ್ಲಿದೆ. ಕ್ಲೌಡ್ ಎಂದರೆ ಆಕಾಶವೇನಲ್ಲ, ದೂರದಲ್ಲಿ ಯಾರೋ ಇಟ್ಟಿರುವ ಕಂಪ್ಯೂಟರು, ನಾವು ಬಾಡಿಗೆಗೆ ಹಿಡಿದದ್ದು. ಮನೆ ಬಾಡಿಗೆಯದಾದರೂ ಬೀಗ ನಮ್ಮದೇ ಇರಬೇಕಲ್ಲ. ಆ ಬೀಗ ನಾನು. ಯಾರು ಒಳಗೆ ಬರಬಹುದು, ಯಾವ ಕೋಣೆಯವರೆಗೆ ಬರಬಹುದು, ಬಂದವರು ಏನನ್ನು ನೋಡಬಹುದು, ಏನನ್ನು ಮುಟ್ಟಬಾರದು ಎಂದು ಗೊತ್ತು ಮಾಡುವ ಅಡ್ಮಿನ್ ನಾನೊಬ್ಬಳೇ. ನನ್ನ ಮೇಲಧಿಕಾರಿ ಎರಡು ವರ್ಷದ ಹಿಂದೆ ಜೇನು ಸಾಕುತ್ತೇನೆಂದು ಕೆಲಸ ಬಿಟ್ಟರು. ಅವರ ಕುರ್ಚಿ ಖಾಲಿ, ಅವರ ಕೆಲಸ ನನ್ನ ತಲೆಗೆ.

ಆಫೀಸಿನಲ್ಲಿ ನನ್ನನ್ನು ಬೀಗದಮ್ಮ ಎನ್ನುತ್ತಾರೆಂದು ನನಗೆ ಗೊತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಟೀ ಕೋಣೆಯಲ್ಲಿ ಆಡಿಕೊಳ್ಳುವುದೂ ಗೊತ್ತು. ಆಡಿಕೊಳ್ಳಲಿ. ಪೂಜಾರಿ ಕೊಡದೆ ಇರುವುದರಿಂದಲೇ ದೇವಸ್ಥಾನ ಉಳಿದಿರುವುದು.

ಎರಡನೇ ಅಡ್ಮಿನ್ ಒಬ್ಬರನ್ನು ಹದಿನೈದರೊಳಗೆ ನೇಮಿಸಿದರೆ ರಜೆ, ಇಲ್ಲದಿದ್ದರೆ ಇಲ್ಲ. ಹಾಗೆಂದು ದೊಡ್ಡವರು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಹೇಳಿ ಬಂದೆ.

ಈ ದಿನಚರಿಯನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತೇನೆ. ನಮ್ಮವರು ಓದುವವರಲ್ಲ, ಆದರೂ.

ಮಾರ್ಚ್ ೫, ಬುಧವಾರ

ಮಗಳು ಫೋನ್ ಮಾಡಿದ್ದಳು. ಬರುವ ಮೊದಲೇ ಷರತ್ತು ಹಾಕಿದಳು.

"ಅಮ್ಮಾ, ನಮ್ಮನೆ ಅಡುಗೆಮನೆ ನೀನು ನೋಡ್ಬಹುದು, ಬಳಸ್ಬಹುದು, ಬದಲಾಯ್ಸೋ ಹಾಗಿಲ್ಲ. ಇಷ್ಟೇ ನಿಂಗೆ ಅನುಮತಿ."

ನನ್ನ ಆಫೀಸಿನ ಮಾತನ್ನೇ ನನಗೆ ತಿರುಗಿಸಿದಳು. ಹೋದ ವರ್ಷ ಅವಳ ಮನೆಗೆ ಹೋಗಿ ಮೂರು ದಿನ ಇದ್ದೆ. ಕಪಾಟು ನೋಡಲಾರದೆ ಸ್ವಲ್ಪ ಒಪ್ಪ ಮಾಡಿದೆ. ಆಮೇಲೆ ಗಂಡಹೆಂಡತಿ ಇಬ್ಬರೂ ಉಪ್ಪು ಎಲ್ಲಿದೆಯೆಂದು ಹುಡುಕಾಡಿದರಂತೆ, ಉಪ್ಪಿಲ್ಲದ ಸಾರು ಕುಡಿದರಂತೆ. ಅದು ಹೋಗಲಿ, ಬಾಲ್ಕನಿಯ ಬಾಗಿಲು ಸದಾ ತೆರೆದಿರುತ್ತದೆಂದು ಬೀಗ ಹಾಕಿ, ಅದರ ಕೀಲಿಯನ್ನು ನನ್ನ ಗೊಂಚಲಿಗೆ ಸೇರಿಸಿಕೊಂಡು ಬಂದುಬಿಟ್ಟಿದ್ದೆ. ಇಲ್ಲಿಗೆ ಬಂದ ಮೇಲೆ ನೋಡಿಕೊಂಡೆ. ಕಳಿಸುತ್ತೇನೆ, ಕಳಿಸುತ್ತೇನೆ ಎಂದು ಇನ್ನೂ ನನ್ನ ಬಳಿಯೇ ಇದೆ. ಪಾಪ, ಆ ಮನೆಯವರು ಬಟ್ಟೆಗಳನ್ನು ಕುರ್ಚಿಯ ಬೆನ್ನಿಗೆ ಹರವಿ ಒಣಗಿಸುತ್ತಿದ್ದಾರೆ. ಇಂದು ಮಗಳು ಅದನ್ನೂ ಎತ್ತಿ ಆಡಿದಳು. ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ನಮ್ಮವರು ನಕ್ಕು ನಕ್ಕು ಟೀ ನೆತ್ತಿಗೇರಿಸಿಕೊಂಡರು.

ಫೋನ್ ಇಡುವ ಮೊದಲು ಅವಳ ದನಿ ಸಣ್ಣದಾಯಿತು. "ಆ ಹೊತ್ತಿಗೆ ನೀನು ಹತ್ರ ಇರ್ಬೇಕಮ್ಮಾ. ಎಲ್ಲಾರ್ಗೂ ಧೈರ್ಯವಾಗಿದೀನಿ ಅಂತ ಹೇಳ್ಕೊಂಡು ಓಡಾಡ್ತಿದೀನಿ. ಭಯ ಇದೆ."

ಬಂದೇ ಬರುತ್ತೇನೆ ಎಂದೆ. ಆಮೇಲೆ ಬಹಳ ಹೊತ್ತು ಏನೂ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಮಾರ್ಚ್ ೬, ಗುರುವಾರ

ರಜೆಗೆ ಮುಂಚೆ ಮನೆಯನ್ನೆಲ್ಲ ಗುಡಿಸಿ ಹೋಗುವುದು ನನ್ನ ಸ್ವಭಾವ. ಇಂದಿನಿಂದ ಅನುಮತಿಗಳ ಮರುಪರಿಶೀಲನೆ. ಪ್ರತಿಯೊಬ್ಬರ ಮೇಲಿನವರು ತಮ್ಮ ಕೈಕೆಳಗಿನವರಿಗೆ ಯಾವ ಯಾವ ಅನುಮತಿ ಬೇಕು, ಯಾವುದು ಬೇಡ ಎಂದು ಹದಿನಾಲ್ಕನೇ ತಾರೀಕು ಶುಕ್ರವಾರದೊಳಗೆ ಒಂದೊಂದಾಗಿ ಗುರುತು ಹಾಕಬೇಕು. ಹಾಕದಿದ್ದರೆ ಶನಿವಾರ ಬೆಳಗಾಗುವ ಹೊತ್ತಿಗೆ ಆ ಅನುಮತಿ ತಾನಾಗಿ ಬಿದ್ದುಹೋಗುತ್ತದೆ. "ಎಲ್ಲವೂ ಸರಿ" ಎಂಬ ಒಂದು ಗುಂಡಿ ಇತ್ತು. ಕಣ್ಣುಮುಚ್ಚಿ ಒತ್ತುತ್ತಾರೆಂದು ಅದನ್ನು ನಾನೇ ತೆಗೆಸಿದೆ.

ಇನ್ನೊಂದು ನಿಯಮವನ್ನೂ ಬರೆದಿಟ್ಟೆ, ನನಗೆ ಬಹಳ ಹೆಮ್ಮೆಯದು: ಯಾರೂ ತಮ್ಮ ಅನುಮತಿಯನ್ನು ತಾವೇ ಖಾತ್ರಿ ಮಾಡಿಕೊಳ್ಳುವ ಹಾಗಿಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು ಇನ್ನು ನಮ್ಮ ಕಂಪನಿಯಲ್ಲಿ ನಡೆಯದು.

ಒಂದೇ ದಿನದಲ್ಲಿ ಎಷ್ಟೆಲ್ಲ ಕಸ ಸಿಕ್ಕಿತು! ಕೆಲಸ ಬಿಟ್ಟು ಜಾದೂಗಾರನಾದವನೊಬ್ಬ ಇವತ್ತಿಗೂ ನಮ್ಮ ಗಿರಾಕಿಗಳ ಕಣ್ಣಿನ ನಂಬರು ನೋಡಬಲ್ಲ. ನಾಲ್ಕನೇ ಅಂಗಡಿಯ ನೆಲ ಒರೆಸುವಾಕೆಗೆ ಗಾಜಿನ ಬೆಲೆ ಬದಲಾಯಿಸುವ ಅಧಿಕಾರವಿದೆ. ಪಾರ್ಸಲ್ ಒಯ್ಯುವವನು ತನ್ನ ರಜೆಯನ್ನು ತಾನೇ ಮಂಜೂರು ಮಾಡಿಕೊಳ್ಳಬಹುದಿತ್ತು, ಪುಣ್ಯಾತ್ಮ ಒಂದು ದಿನವೂ ಮಾಡಿಕೊಂಡಿಲ್ಲ. ಯಾಕಪ್ಪಾ ಎಂದು ಕೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ಎದೆ ಹಿಡಿದುಕೊಂಡು ಹೋದ.

ಮಾರ್ಚ್ ೮, ಶನಿವಾರ

ಎರಡನೇ ಅಡ್ಮಿನ್ ಯಾರು? ದೊಡ್ಡವರು ಸುಮ್ಮನೆ ಎರಡು ಹೆಸರು ತೇಲಿಬಿಟ್ಟರು. ಒಂದು ಗಾಜಿನಕ್ಕ, ಇನ್ನೊಂದು ಲೆಕ್ಕದ ಮೇಷ್ಟ್ರು. ನಾನು ಎರಡಕ್ಕೂ ತಲೆಯಾಡಿಸಿದೆ, ಅಡ್ಡಡ್ಡವಾಗಿ.

ಗಾಜಿನಕ್ಕ ನಮ್ಮ ಕಾರ್ಖಾನೆಯ ಮುಖ್ಯಸ್ಥೆ. ಕಣ್ಣಿನ ವಿಷಯದಲ್ಲಿ ಅವಳದು ಕೊನೆಯ ಮಾತು. ಆದರೆ ಯಾರಾದರೂ ಅಳುಮುಖ ಮಾಡಿಕೊಂಡು ಕೇಳಿದರೆ ಏನು ಬೇಕಾದರೂ ಕೊಟ್ಟುಬಿಡುತ್ತಾಳೆ. ಲೆಕ್ಕದ ಮೇಷ್ಟ್ರು ನಮ್ಮ ಅಕೌಂಟೆಂಟು, ಹಿಂದೆ ಶಾಲೆಯಲ್ಲಿದ್ದವರು. ಅವರು ಯಾರು ಅತ್ತರೂ ಕೊಡುವುದಿಲ್ಲ. ಕೊಡಲೇಬೇಕಾದಾಗಲೂ ಕೊಡುವುದಿಲ್ಲ.

ಸಾಲದ್ದಕ್ಕೆ ಇಬ್ಬರದೂ ಎಣ್ಣೆ ಸೀಗೆಕಾಯಿ. ಎಂಟು ವರ್ಷದ ಹಿಂದೆ ಗಾಜಿನಕ್ಕ ಖುದ್ದಾಗಿ ಕೂತು ಮೇಷ್ಟ್ರಿಗೆ ಕನ್ನಡಕ ಮಾಡಿಕೊಟ್ಟಳು. ಹಾಕಿಕೊಂಡು ಇಳಿಯುವಾಗ ಮೆಟ್ಟಿಲು ಅಲುಗುತ್ತದೆ ಎಂದು ಅವರು ಎಲ್ಲರೆದುರು ಹೇಳಿದರು. ಹೊಸದಕ್ಕೆ ಕಣ್ಣು ಹೊಂದಿಕೊಳ್ಳಲಿ, ಒಂದು ವಾರ ತಾಳಿ ಎಂದಳು. ಅವರು ತಾಳಲಿಲ್ಲ. ಮರುದಿನವೇ ಎದುರು ರಸ್ತೆಯ ಬೇರೆ ಅಂಗಡಿಗೆ ಹೋಗಿ ಕನ್ನಡಕ ಕೊಂಡು, ಅದನ್ನೇ ಹಾಕಿಕೊಂಡು ಆಫೀಸಿಗೆ ಬಂದರು! ಕನ್ನಡಕದ ಕಂಪನಿಯ ಅಕೌಂಟೆಂಟು, ಮೂಗಿನ ಮೇಲೆ ಎದುರು ಅಂಗಡಿಯ ಮಾಲು. ಅಂದಿನಿಂದ ಗಾಜಿನಕ್ಕ ಅವರೊಡನೆ ಮಾತಾಡಿಲ್ಲ. ಅವರೂ ಅದೇ ಕನ್ನಡಕವನ್ನು ಇಂದಿಗೂ ಬಿಟ್ಟಿಲ್ಲ, ಹಟ.

ನಿಜ ಹೇಳಬೇಕೆಂದರೆ ಈ ಜಗಳ ನನಗೆ ಉಪಕಾರವನ್ನೇ ಮಾಡಿದೆ. ನಮ್ಮಲ್ಲೊಂದು ತುರ್ತು ಖಾತೆ ಇದೆ. ಮನೆಗೆ ಬೆಂಕಿ ಬಿದ್ದರೆ ಒಡೆಯುವ ಗಾಜಿನ ಪೆಟ್ಟಿಗೆಯ ಹಾಗೆ, ಅದರಿಂದ ಎಲ್ಲ ಬಾಗಿಲೂ ತೆರೆಯುತ್ತದೆ. ಅದನ್ನು ಮರುಪರಿಶೀಲನೆಯಿಂದಲೂ ಹೊರಗಿಟ್ಟಿದ್ದೇನೆ. ಅದರ ಪಾಸ್‌ವರ್ಡ್ ಎರಡು ಹೋಳು. ಒಂದು ಹೋಳನ್ನು ಮೇಷ್ಟ್ರು, ಇನ್ನೊಂದನ್ನು ಗಾಜಿನಕ್ಕ ತಾವೇ ಹುಟ್ಟಿಸಿ, ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ ಇಟ್ಟುಕೊಂಡಿದ್ದಾರೆ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ, ನನಗೆ ಎರಡೂ ಗೊತ್ತಿಲ್ಲ. ಖಾತೆ ಮಾಡಿದ ದಿನ ಒಬ್ಬರು ಒಂದು ಬಾಗಿಲಿನಿಂದ ಹೊರಗೆ ಹೋದ ಮೇಲೆ ಇನ್ನೊಬ್ಬರು ಇನ್ನೊಂದು ಬಾಗಿಲಿನಿಂದ ಬಂದು ಟೈಪ್ ಮಾಡಿದ್ದರು. ಇಬ್ಬರೂ ಕೂಡಿದರೆ ಮಾತ್ರ ಖಾತೆ ತೆರೆಯುತ್ತದೆ, ಈ ಇಬ್ಬರೂ ಈ ಜನ್ಮದಲ್ಲಿ ಕೂಡುವುದಿಲ್ಲ. ಇದಕ್ಕಿಂತ ಭದ್ರತೆ ಯಾವ ದೇಶದಲ್ಲಿದೆ?

ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ಅವರು ಈಜುಕೊಳದಲ್ಲಿ ಈಜು ಕಲಿಸುವವರು, ಎಲ್ಲ ಮಾತಿಗೂ ನೀರನ್ನೇ ತರುತ್ತಾರೆ. "ಮೊದಲನೇ ದಿನ ನೀರಿಗಿಳಿದೋರು ಎಲ್ರೂ ಒಂದೇ ಕೆಲ್ಸ ಮಾಡ್ತಾರೆ ಕಣೇ. ಗೋಡೆ ಹಿಡ್ಕೊಂಡು ನಿಂತ್ಬಿಡ್ತಾರೆ" ಎಂದರು. ಗೋಡೆ ಇರುವುದೇ ಹಿಡಿದುಕೊಳ್ಳಲು ಎಂದೆ. ಅವರು ಈ ವಾರ ಮನೆಯ ಕೀಲಿಯನ್ನು ಎರಡನೇ ಸಲ ಕಳೆದಿದ್ದಾರೆ. ಇಂಥವರ ಬುದ್ಧಿಮಾತು ನನಗೆ ಬೇಕೆ?

ಮಾರ್ಚ್ ೧೧, ಮಂಗಳವಾರ

ಅಂಗಡಿಗಳವರು ನನ್ನ ಮೇಲೆ ಹಲ್ಲು ಮಸೆಯುತ್ತಿದ್ದಾರೆ. ಏಳನೇ ಅಂಗಡಿಯ ಮ್ಯಾನೇಜರ್ ಫೋನ್ ಮಾಡಿ, ಜನರ ಕಣ್ಣು ನೋಡಲೋ ನಿಮ್ಮ ಗುರುತು ಹಾಕುತ್ತ ಕೂರಲೋ ಎಂದು ಕೇಳಿದ. ಎರಡೂ ಮಾಡಪ್ಪ, ಎರಡು ಕಣ್ಣಿದೆಯಲ್ಲ ಎಂದೆ.

ದೊಡ್ಡವರು ಎರಡನೇ ಅಡ್ಮಿನ್ ವಿಷಯ ಮತ್ತೆ ಕೇಳಿದರು. ಯೋಚಿಸುತ್ತಿದ್ದೇನೆ ಎಂದೆ. ಸುಳ್ಳಲ್ಲ. ಯೋಚಿಸಿದಷ್ಟೂ ಒಬ್ಬೊಬ್ಬರ ಒಂದೊಂದು ಊನವೇ ಎದ್ದು ಕಾಣುತ್ತದೆ. ಮೊಸರಿನಲ್ಲಿ ಕಲ್ಲು ಹುಡುಕುತ್ತೀಯ ಎಂದು ನಮ್ಮವರು ಅಂದರು. ಕಲ್ಲಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಹುಡುಕುವುದರಲ್ಲಿ ತಪ್ಪೇನು?

ಮಾರ್ಚ್ ೧೩, ಗುರುವಾರ

ಯಾರನ್ನೂ ಗೊತ್ತು ಮಾಡಿಲ್ಲ. ಮಗಳಿಗೆ ಬಸ್ಸಿನ ಟಿಕೆಟ್ ಆಯಿತು ಎಂದೆ. ಟಿಕೆಟ್ ಮಾತ್ರ ಆಗಿದೆ.

ಮಾರ್ಚ್ ೧೪, ಶುಕ್ರವಾರ

ಇಂದು ಕೊನೆಯ ದಿನ. ಸಂಜೆಯವರೆಗೆ ಎಂಟು ಅಂಗಡಿಗಳು ಗುರುತು ಹಾಕಿ ಮುಗಿಸಿವೆ. ಇನ್ನು ನಾಲ್ಕು ಅಂಗಡಿಗಳವರು ನಾನು ಬರೀ ಹೆದರಿಸುತ್ತಿದ್ದೇನೆ ಎಂದುಕೊಂಡಿರಬೇಕು. ನಾಳೆ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ತಿಳಿಯುತ್ತದೆ. ಅಂಗಲಾಚುತ್ತ ಫೋನ್ ಮಾಡುತ್ತಾರೆ. ಸ್ವಲ್ಪ ಗದರಿಸಿ, ಆಮೇಲೆ ಕರುಣೆ ತೋರಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟುಕೊಳ್ಳುತ್ತೇನೆ. ಅದೇ ಹೊತ್ತಿನಲ್ಲಿ ಯಾರನ್ನಾದರೂ ಎರಡನೇ ಅಡ್ಮಿನ್ ಮಾಡಿ, ಭಾನುವಾರ ಬಸ್ಸು ಹತ್ತುತ್ತೇನೆ.

ಬ್ಯಾಗಿಗೆ ಬಟ್ಟೆ ತುಂಬಿದೆ. ಬಾಲ್ಕನಿಯ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಪರ್ಸಿಗೆ ಹಾಕಿಕೊಂಡೆ. ಮನಸ್ಸು ಹಗುರವಾಗಿದೆ. ಕೆಲಸ ಎಂದರೆ ಹೀಗೆ ಕಟ್ಟುನಿಟ್ಟಾಗಿರಬೇಕು.

ಮಾರ್ಚ್ ೧೫, ಶನಿವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಪಕ್ಕದ ಸೀಟಿನ ಹೆಂಗಸು ಕಣ್ಣಂಚಿನಲ್ಲಿ ಓದುತ್ತಿದ್ದಾಳೆ, ಓದಲಿ ಬಿಡಿ. ಏನಮ್ಮ, ಚೆನ್ನಾಗಿದೆಯಾ?

ಬೆಳಿಗ್ಗೆ ಎಣಿಸಿದ ಹಾಗೆಯೇ ನಾಲ್ಕೂ ಅಂಗಡಿಗಳಿಂದ ಫೋನ್ ಬಂತು. ಬಾಗಿಲು ತೆರೆದಿದ್ದಾರೆ, ಗಿರಾಕಿಗಳು ಕೂತಿದ್ದಾರೆ, ಕಂಪ್ಯೂಟರ್ ಒಳಗೆ ಬಿಡುತ್ತಿಲ್ಲ. ಏಳನೇ ಅಂಗಡಿಯಲ್ಲಿ ಒಬ್ಬ ದರ್ಜಿ ಒಡೆದ ಕನ್ನಡಕ ಕೈಯಲ್ಲಿ ಹಿಡಿದು, ಸೂಜಿಗೆ ದಾರ ಪೋಣಿಸಲಾಗದೆ ಕಾಯುತ್ತಿದ್ದಾನಂತೆ. ಅವನ ನಂಬರು ಕ್ಲೌಡ್‌ನಲ್ಲಿದೆ, ಅದು ಬರದೆ ಗಾಜು ತಯಾರಾಗದು. ನಾನು ಖುಷಿಯಿಂದಲೇ ನಾಲ್ವರನ್ನೂ ಗದರಿಸಿದೆ. ನಿಧಾನವಾಗಿ ಒಂದು ಟೀ ಕುಡಿದೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನನ್ನ ಹೆಸರು ಒತ್ತಿದೆ.

"ನಿಮಗೆ ಅನುಮತಿ ಇಲ್ಲ. ದಯವಿಟ್ಟು ನಿಮ್ಮ ಅಡ್ಮಿನ್ ಅನ್ನು ಸಂಪರ್ಕಿಸಿ."

ನನ್ನ ಅಡ್ಮಿನ್ ನಾನೇ. ಇನ್ನೊಮ್ಮೆ ಒತ್ತಿದೆ, ಅದೇ ಮಾತು. ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಅನುಮತಿಗೆ ಗುರುತು ಹಾಕಬೇಕಾದವರು ನನ್ನ ಮೇಲಧಿಕಾರಿ. ಅವರು ಜೇನು ಸಾಕಲು ಹೋದರು. ಅವರ ಜಾಗದಲ್ಲಿ ನಾನೇ ನನ್ನ ಹೆಸರು ಬರೆದಿದ್ದೆ. ಯಾರೂ ತಮ್ಮದನ್ನು ತಾವೇ ಖಾತ್ರಿ ಮಾಡಿಕೊಳ್ಳುವಂತಿಲ್ಲ ಎಂಬ ನಿಯಮವನ್ನೂ ನಾನೇ ಬರೆದಿದ್ದೆ. ಹಾಗಾಗಿ ಕಂಪ್ಯೂಟರ್ ನನ್ನ ಬಗ್ಗೆ ಯಾರನ್ನೂ ಕೇಳಲಿಲ್ಲ. ಯಾರೂ ಬೇಕೆನ್ನದ ಅನುಮತಿಯೆಂದು ಅದನ್ನೂ ಕಿತ್ತು ಬಿಸಾಡಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಹೀಗೆ, ಅದೂ ಅಳತೆ ನೋಡಿ ಚೊಕ್ಕವಾಗಿ ತೋಡಿದ್ದು.

ಅಷ್ಟರಲ್ಲಿ ನಮ್ಮವರ ಫೋನ್. ಮಗಳಿಗೆ ನೋವು ಶುರುವಾಗಿದೆ, ಅಳಿಯ ಆಸ್ಪತ್ರೆಗೆ ಕರೆದೊಯ್ದಿದ್ದಾನೆ. ಹತ್ತು ದಿನ ಮುಂಚೆಯೇ! ಮಧ್ಯಾಹ್ನ ಎರಡಕ್ಕೆ ಒಂದು ಬಸ್ಸಿದೆ, ಬ್ಯಾಗ್ ಹಿಡಿದು ನಿಲ್ದಾಣಕ್ಕೆ ಹೋಗಿರುತ್ತೇನೆ, ನೀನು ಅಲ್ಲಿಗೇ ಬಾ ಎಂದರು.

ದೊಡ್ಡವರ ಬಳಿ ಹೋಗಿ ಆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಅವರು ನಗುವುದನ್ನು ತಡೆದುಕೊಂಡಿದ್ದು ಮಾತ್ರ ಕಂಡಿತು. ನೀವು ಹೊರಡಿ ಎಂದರು. ಹೊರಟರೆ ತೆರೆಯುವವರು ಯಾರು, ನಾಲ್ಕು ಅಂಗಡಿಗಳು ಎಷ್ಟು ದಿನ ಹಾಗೆಯೇ ಕೂರುತ್ತವೆ ಎಂದು ಕೇಳಿದೆ. ಉಳಿದದ್ದು ತುರ್ತು ಖಾತೆ ಒಂದೇ.

ಮೇಷ್ಟ್ರು ತಿಜೋರಿಯಿಂದ ತಮ್ಮ ಲಕೋಟೆ ತಂದರು. ಗಾಜಿನಕ್ಕ ಹಳೆಯ ಫ್ರೇಮುಗಳ ಡಬ್ಬಿಯಿಂದ ತನ್ನದನ್ನು ತೆಗೆದಳು. ಹಿಂದಿನ ಹಾಗೆಯೇ ಒಬ್ಬರಾದ ಮೇಲೆ ಒಬ್ಬರು ನನ್ನ ಕೋಣೆಗೆ ಬಂದು ತಮ್ಮ ಹೋಳನ್ನು ಟೈಪ್ ಮಾಡಿದರು. ಪರದೆಯ ಮೇಲೆ ಬರೀ ಚುಕ್ಕೆಗಳು, ಕಡೆಗೆ "ತಪ್ಪು" ಎಂದು ಬಂತು. ಮತ್ತೊಮ್ಮೆ ಮಾಡಿಸಿದೆ, ಮತ್ತೆ ತಪ್ಪು. ಮೂರನೆಯ ಸಲವೂ ತಪ್ಪಿದರೆ ಪೂರ್ತಿ ಒಂದು ದಿನ ಖಾತೆ ಬಾಗಿಲು ಹಾಕಿಕೊಳ್ಳುತ್ತದೆ. ಆ ನಿಯಮ ಯಾರದೆಂದು ಮತ್ತೆ ಬರೆಯಬೇಕಾಗಿಲ್ಲ.

ಮೇಷ್ಟ್ರು ತಪ್ಪು ಅವಳದೇ ಎಂದರು, ನನಗೆ. ಗಾಜಿನಕ್ಕ ತಪ್ಪು ಅವರದೇ ಎಂದಳು, ಅದೂ ನನಗೇ. ಗಡಿಯಾರ ನೋಡಿದೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕದ ಹಾಕಿದೆ.

"ನನ್ನ ಮಗಳು ಅಲ್ಲಿ ನೋವು ತಿಂತಾ ಇದಾಳೆ. ನಿಮ್ಮ ಜಗಳ ಸೋಮವಾರ ಮುಂದುವರಿಸಿ. ಇವತ್ತು ನಂಗೆ ಈ ಬಾಗಿಲು ತೆಗೆದುಕೊಡಿ" ಎಂದೆ. ದನಿ ಒಡೆಯಿತು. ನನಗೇ ನಾಚಿಕೆಯಾಯಿತು.

ಮೇಷ್ಟ್ರು ಚೀಟಿ ಬಿಡಿಸಿದರು. ಎದುರಿಗೆ ಕೂತ ಗಾಜಿನಕ್ಕ ಚೀಟಿಯ ಬೆನ್ನನ್ನಷ್ಟೇ ಕಾಣಬಲ್ಲಳು, ಆದರೆ ಅವಳು ಚೀಟಿಯನ್ನು ನೋಡುತ್ತಲೇ ಇರಲಿಲ್ಲ. ಮೇಷ್ಟ್ರ ಮುಖವನ್ನು ನೋಡುತ್ತಿದ್ದಳು. ಅವರು ಗಲ್ಲ ಎತ್ತಿದರು. ಚೀಟಿಯನ್ನು ದೂರ ಹಿಡಿದರು, ಇನ್ನೂ ದೂರ ಹಿಡಿದರು.

ಎಂಟು ವರ್ಷದ ಮೇಲೆ ಮೊದಲ ಮಾತು ಗಾಜಿನಕ್ಕನದು. "ಇನ್ನೆಷ್ಟು ದೂರ ಹಿಡೀತೀರಿ ಮೇಷ್ಟ್ರೇ? ನಿಮ್ಮ ಕೈ ಅಷ್ಟು ಉದ್ದ ಇಲ್ಲ."

ಮೇಷ್ಟ್ರು ಕೆಂಪಗಾದರು. ತಮ್ಮ ಅಕ್ಷರವೇ ಇರುವೆ ಸಾಲು, ಎರಡು ವರ್ಷದ ಹಿಂದೆ ಬರೆದಾಗ ಚೆನ್ನಾಗಿ ಕಾಣುತ್ತಿತ್ತು, ಈಗ ಶಾಯಿ ಮಾಸಿರಬೇಕು ಎಂದರು. ಶಾಯಿ ಮಾಸಿಲ್ಲ, ಕಣ್ಣಿನ ನಂಬರು ಏರಿದೆ ಎಂದು ಅವಳು ಎದ್ದು ಹೋದಳು. ಕೋಪಿಸಿಕೊಂಡು ಹೋದಳೆಂದು ನಾನು ತಲೆಯ ಮೇಲೆ ಕೈ ಹೊತ್ತೆ. ಎರಡು ನಿಮಿಷದಲ್ಲಿ ಪರೀಕ್ಷೆಯ ಗಾಜುಗಳ ಪೆಟ್ಟಿಗೆಯನ್ನೂ, ಆ ದುಂಡನೆಯ ಕಬ್ಬಿಣದ ಫ್ರೇಮನ್ನೂ ಹೊತ್ತು ತಂದಳು. ಮೇಷ್ಟ್ರ ಮೂಗಿನ ಮೇಲಿಂದ ಎದುರು ಅಂಗಡಿಯ ಕನ್ನಡಕವನ್ನು ಎರಡು ಬೆರಳಿನಲ್ಲಿ ಎತ್ತಿ, ಸತ್ತ ಜಿರಳೆಯನ್ನು ಇಡುವ ಹಾಗೆ ಪಕ್ಕಕ್ಕಿಟ್ಟಳು.

ಅವರ ಪಕ್ಕದಲ್ಲಿ ಚೀಟಿಗೆ ಬೆನ್ನು ಮಾಡಿ ನಿಂತು, ತಡವಿ ತಡವಿಯೇ ಒಂದೊಂದು ಗಾಜು ಕೂರಿಸುತ್ತ "ಇದಾ? ಇದಾ?" ಎಂದು ಕೇಳತೊಡಗಿದಳು. ಮೇಷ್ಟ್ರು ಮೊದಲು ಬಿಗುಮಾನದಿಂದ ಹೂಂ, ಉಹೂಂ ಎನ್ನುತ್ತಿದ್ದರು. ನಾಲ್ಕನೆಯದೋ ಐದನೆಯದೋ ಗಾಜಿಗೆ ಮುಖ ಅರಳಿಬಿಟ್ಟಿತು.

"ಅಯ್ಯೋ, ಇದು ಎಂಟು ಅಲ್ವಾ! ನಾನು ಮೂರು ಅಂದ್ಕೊಂಡು..."

"ಬಾಯಿ ಬಿಡಬೇಡಿ ಮೇಷ್ಟ್ರೇ" ಎಂದು ನಾನೂ ಗಾಜಿನಕ್ಕನೂ ಒಟ್ಟಿಗೇ ಹೇಳಿದೆವು. ಆಮೇಲೆ ಮೂವರಿಗೂ ನಗು ತಡೆಯಲಾಗಲಿಲ್ಲ. ಪರದೆಯಲ್ಲಿ ಮೂರನೇ ಅವಕಾಶ ಕಾಯುತ್ತಿತ್ತು, ನಾವು ಕಣ್ಣೊರೆಸಿಕೊಳ್ಳುತ್ತಿದ್ದೆವು.

ಮೇಷ್ಟ್ರು ಆ ಕಬ್ಬಿಣದ ಫ್ರೇಮಿನಲ್ಲೇ ಕೂತು ತಮ್ಮ ಹೋಳು ಒತ್ತಿದರು. ಗಾಜಿನಕ್ಕ ತನ್ನದು ಒತ್ತಿದಳು. ತೆರೆಯಿತು.

ನಾಲ್ಕು ಅಂಗಡಿಗಳನ್ನು ಒಳಗೆ ಬಿಟ್ಟೆವು, ದರ್ಜಿಯ ಗಾಜು ಯಂತ್ರಕ್ಕೆ ಹೋಯಿತು. ಎರಡನೇ ಅಡ್ಮಿನ್ ಯಾರೆಂಬುದನ್ನು ಯೋಚಿಸಲು ಪುರಸೊತ್ತಿರಲಿಲ್ಲ. ಇಬ್ಬರನ್ನೂ ಮಾಡಿದೆ. ಒಬ್ಬರು ಕೇಳಿದರೆ ಇನ್ನೊಬ್ಬರು ಒಪ್ಪಬೇಕು, ಆಗಷ್ಟೇ ಅನುಮತಿ. ಅವಳು ಎಲ್ಲ ಕೊಡುವವಳು, ಇವರು ಏನೂ ಕೊಡದವರು, ಒಟ್ಟಿಗೆ ಸರಿಹೋಗುತ್ತದೆ. ಹೊರಡುವಾಗ ಮೆಟ್ಟಿಲು ಅಲುಗುತ್ತದೆಯೋ ಎಂದು ಅವಳು ಕೇಳುತ್ತಿದ್ದಳು. ಇಬ್ಬರೂ ಮಾತಿಗೆ ಶುರುವಿಟ್ಟರೆಂದರೆ ನನ್ನ ತುರ್ತು ಖಾತೆಯ ಭದ್ರತೆ ಕೆಟ್ಟ ಹಾಗೆ. ಇರಲಿ, ಏನೋ ಒಂದು.

ಬಸ್ಸು ಹೊರಟ ಮೇಲೆ ನೆನಪಾಯಿತು: ನನ್ನ ಅನುಮತಿಯನ್ನು ನಾನು ವಾಪಸ್ ಹಾಕಿಸಿಕೊಂಡೇ ಇಲ್ಲ. ಫೋನ್ ಮಾಡಲು ನೋಡಿದೆ, ಸಿಗ್ನಲ್ ಇಲ್ಲ. ಅಷ್ಟರಲ್ಲಿ ನಮ್ಮವರು ಮನೆಗೆ ಬೀಗ ಹಾಕಿದೆ ಅನಿಸುತ್ತದೆ ಎಂದರು. ಅನಿಸುತ್ತದೆಯಂತೆ! ಹೋಗಲಿ, ಕೆಳಗಿನ ಮನೆಯವರು ನೋಡಿಕೊಳ್ಳುತ್ತಾರೆ. ಕಣ್ಣು ಎಳೆಯುತ್ತಿದೆ, ಒಂದು ಗಳಿಗೆ ಮಲಗುತ್ತೇನೆ.

ಮಾರ್ಚ್ ೧೬, ಭಾನುವಾರ

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ.

ನಿನ್ನೆ ನಾವು ಆಸ್ಪತ್ರೆ ಮುಟ್ಟಿದಾಗ ಇನ್ನೂ ಆಗಿರಲಿಲ್ಲ. ಒಳಗೆ ಒಬ್ಬರಿಗೆ ಮಾತ್ರ ಪ್ರವೇಶ, ಕೊರಳಲ್ಲಿ ಪಾಸ್ ಇರಬೇಕು. ಅಳಿಯ ಬೆಳಗಿನಿಂದ ಅವಳ ಕೈ ಹಿಡಿದು ಕೂತಿದ್ದವನು ಹೊರಗೆ ಬಂದು, ಅವಳು ನಿಮ್ಮನ್ನೇ ಕೇಳುತ್ತಿದ್ದಾಳೆ ಅತ್ತೆ ಎಂದು ತನ್ನ ಪಾಸನ್ನು ತೆಗೆದು ನನ್ನ ಕೊರಳಿಗೆ ಹಾಕಿದ. ಒಬ್ಬರ ಗುರುತು ಇನ್ನೊಬ್ಬರು ಬಳಸಬಾರದು, ನನ್ನ ಹೆಸರಲ್ಲಿ ಬೇರೆ ಬರೆದುಕೊಡಿ ಎಂದು ನರ್ಸಿಗೆ ಹೇಳಿದೆ. "ಅಮ್ಮಾ, ಮಗು ನಿಮ್ಮ ಹೆಸರು ಕೇಳ್ಕೊಂಡು ಬರಲ್ಲ, ಒಳಗೆ ನಡೀರಿ" ಎಂದಳು.

ನಡೆದೆ. ಮಗಳು ನನ್ನ ಕೈ ಹಿಡಿದಳು. ಎಷ್ಟು ಬಿಗಿಯಾಗಿ ಎಂದರೆ ಇಂದೂ ಬೆರಳು ನೋಯುತ್ತಿವೆ. ಭಯ ಆಗುತ್ತಾ ಎಂದೆ. ಇಲ್ಲ, ಈಗ ಇಲ್ಲ ಎಂದಳು. ನನಗೆ ಆಗುತ್ತಿತ್ತು, ಹೇಳಲಿಲ್ಲ.

ಮಗುವಿಗೆ ತಲೆ ತುಂಬ ಕೂದಲು. ಅತ್ತಿತು ನೋಡಿ, ಹೊರಗೆ ನಿಂತಿದ್ದ ನಮ್ಮವರಿಗೂ ಕೇಳಿಸಿತಂತೆ. ಇವಳ ಉಸಿರು ಈಜಿಗೆ ಹೇಳಿ ಮಾಡಿಸಿದ್ದು ಎನ್ನುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮಾರ್ಚ್ ೧೯, ಬುಧವಾರ

ನಿನ್ನೆ ಮನೆಗೆ ಕರೆತಂದೆವು. ಬಂದ ಕೂಡಲೇ ಬಾಲ್ಕನಿ ತೆರೆದೆ. ವರ್ಷದ ಧೂಳು. ಕೀಲಿಯನ್ನು ಅಳಿಯನ ಕೈಗೆ ಕೊಟ್ಟೆ. ಈಗ ಅಲ್ಲಿ ಸಾಲಾಗಿ ಪುಟ್ಟ ಪುಟ್ಟ ಬಟ್ಟೆಗಳು ಒಣಗುತ್ತಿವೆ.

ಬೆಳಿಗ್ಗೆ ಸಾರು ಮಾಡಲು ಹೋದರೆ ಉಪ್ಪು ಎಲ್ಲಿದೆಯೋ ಸಿಗಲಿಲ್ಲ. ಅಳಿಯನನ್ನು ಕೇಳಿದೆ. ಹೋದ ವರ್ಷ ನಾನಿಟ್ಟ ಜಾಗದಲ್ಲೇ ಇದೆಯಂತೆ, ಆ ಜಾಗವೇ ರೂಢಿಯಾಗಿ ಹೋಯಿತಂತೆ. ಎಲ್ಲಿಟ್ಟಿದ್ದೆನೆಂದು ನನಗೇ ಮರೆತಿದೆ. ಅವನೇ ತೆಗೆದುಕೊಟ್ಟ.

ಗಾಜಿನಕ್ಕ ಮೇಷ್ಟ್ರ ಫೋಟೋ ಕಳಿಸಿದ್ದಾಳೆ. ಹೊಸ ಕನ್ನಡಕ, ನಮ್ಮದೇ. ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿಯದೆ, ಮಂತ್ರಿಯ ಹಾಗೆ ಪೋಸು ಕೊಟ್ಟಿದ್ದಾರೆ. ಜೊತೆಗೊಂದು ಸಂದೇಶ: ನಿಮ್ಮ ಅನುಮತಿ ವಾಪಸ್ ಕೊಡುವುದಕ್ಕೆ ನಾನು ಕೇಳಿದ್ದೇನೆ, ಮೇಷ್ಟ್ರು ಒಪ್ಪಲು ತಯಾರಿದ್ದಾರೆ, ಈಗಲೇ ಹಾಕಿಬಿಡೋಣವೆ? ಏನೂ ಆತುರವಿಲ್ಲ, ಬಂದ ಮೇಲೆ ನೋಡೋಣ ಎಂದು ಬರೆದೆ. ಬರೆದು ಫೋನನ್ನು ಎಲ್ಲೋ ಇಟ್ಟಿದ್ದೇನೆ, ಈಗ ಸಿಗುತ್ತಿಲ್ಲ.

ಮಧ್ಯಾಹ್ನ ಮಗು ಅಳತೊಡಗಿತು. ಮಗಳು ಮಂಚದ ಮೇಲೆ ಒರಗಿದ್ದಳು. ತೊಟ್ಟಿಲ ಬಳಿ ಹೋಗಿ ಕೈ ಚಾಚಿ, "ಎತ್ಕೊಳ್ಳಲಾ?" ಎಂದು ಕೇಳಿದೆ.

ಮಗಳು ಎದ್ದು ಕೂತಳು. ಗಂಡನನ್ನೂ ಅಪ್ಪನನ್ನೂ ಕೂಗಿ ಕರೆದಳು. "ಬನ್ನಿ ಬನ್ನಿ, ಕೇಳಿಸ್ಕೊಳ್ಳಿ. ನಮ್ಮಮ್ಮ ಕೇಳ್ತಿದಾಳೆ. ಎತ್ಕೊಳ್ಳಲಾ ಅಂತ ನನ್ನನ್ನ ಕೇಳ್ತಿದಾಳೆ!" ನಗುತ್ತಿದ್ದಳು, ನಗುತ್ತ ನಗುತ್ತಲೇ ಅಳತೊಡಗಿದಳು. ಅಳಿಯನೂ ನಕ್ಕ. ನಮ್ಮವರಂತೂ ಸರಿಯೇ ಸರಿ.

ಇದರಲ್ಲಿ ನಗುವಂಥದ್ದೇನಿದೆಯೋ ನನಗೆ ತಿಳಿಯಲಿಲ್ಲ. ಮಗು ಅವಳದು, ಕೇಳಬೇಡವೆ? ಹೆರಿಗೆಯಾದವಳ ಮನಸ್ಸು ಹೂವಿನ ಹಾಗಿರುತ್ತದೆ, ನಗು ಬಂದರೂ ಅಳುತ್ತಾರೆ ಎಂದು ಸುಮ್ಮನಾದೆ. "ಎತ್ಕೋಮ್ಮಾ" ಎಂದಳು ಕೊನೆಗೆ.

ದಿನಚರಿಯ ಈ ಹಾಳೆಯ ಮೇಲೆ ಯಾರೋ ಟೀ ಲೋಟ ಇಟ್ಟಿದ್ದಾರೆ, ದುಂಡಗೆ ಕಲೆಯಾಗಿದೆ. ಬೆಳಗಿನಿಂದ ಊಟದ ಮೇಜಿನ ಮೇಲೆಯೇ ಇತ್ತು. ಕಲೆ ಬಿಟ್ಟು ಸುತ್ತ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ, ಒಂದೇ ಕೈಯಲ್ಲಿ ಬರೆಯುತ್ತಿರುವುದು. ಇನ್ನೊಂದು ಕೈಯಲ್ಲಿ ಮೊಮ್ಮಗಳು ಮಲಗಿದ್ದಾಳೆ.